ಲೆಬನಾನ್‌ನಲ್ಲಿ ಡ್ಯೂಟಿ, ಬಳ್ಳಾರಿಯಲ್ಲಿ ರಿಟರ್ನ್

ಸಿರುಗುಪ್ಪ ಕಡೆಯ ಒಬ್ಬ ಹೆಣ್ಣುಮಗಳು ಮಧ್ಯಾಹ್ನದ ಬಿಸಿಲಲ್ಲಿ ಬಸ್ಸಿಳಿದು, ತೆರಿಗೆ ರಿಟರ್ನ್ ತುಂಬಿಕೊಡುವ ಬಳ್ಳಾರಿಯ ನನ್ನ ಆಫೀಸಿಗೆ ಬಂದರು. ಜೊತೆಗೆ ಅವರ ಮಾವ. ಗಂಡ ಸೈನ್ಯದಲ್ಲಿ ಹವಾಲ್ದಾರ್, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಲೆಬನಾನ್‌ಗೆ ಹೋಗಿದ್ದಾರೆ. ಬಟ್ಟೆ ಅಂಗಡಿಯ ಕೈಚೀಲದಿಂದ ಆಕೆ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಸಂಬಳ ಮತ್ತು ಕಡಿತವಾದ ತೆರಿಗೆಯ ಲೆಕ್ಕ ತೋರಿಸುವ ಫಾರ್ಮ್ 16, ಪಾಸ್‌ಬುಕ್, ಪೇ ಸ್ಲಿಪ್, ಕೊನೆಗೆ ನಾಲ್ಕು ಮಡಿಕೆಯ ಒಂದು ಚೀಟಿ. ಅದರಲ್ಲಿ ಯಾರೋ ಏಜೆಂಟ್ ಬರೆದುಕೊಟ್ಟಿದ್ದು ಒಂದೇ ಸಾಲು: ‘ಎನ್‌ಆರ್‌ಐ, ಟ್ಯಾಕ್ಸ್ ಇಲ್ಲ, ಫೀಸು 5,000.’

‘ಸಾರ್, ಹೊರದೇಶದಾಗ ಇರೋರಿಗೆ ಟ್ಯಾಕ್ಸ್ ಇಲ್ಲಂತಲ್ರೀ?’ ಅಂತ ಮಾವ ಕೇಳಿದರು.

ಈ ಪ್ರಶ್ನೆ ನನಗೆ ಹೊಸದಲ್ಲ. ಲೆಬನಾನ್, ಕಾಂಗೋ, ದಕ್ಷಿಣ ಸುಡಾನ್‌ಗೆ ಹೋದವರ ಮನೆಯವರು ಬಂದಾಗಲೆಲ್ಲ ಇದನ್ನೇ ಕೇಳುತ್ತಾರೆ. ದುಬೈಗೆ ಕೆಲಸಕ್ಕೆ ಹೋದ ಪಕ್ಕದ ಮನೆ ಹುಡುಗನಿಗೆ ಅಲ್ಲಿನ ಸಂಬಳದ ಮೇಲೆ ಇಲ್ಲಿ ತೆರಿಗೆ ಬೀಳಲಿಲ್ಲ, ಹಾಗಾದರೆ ಸೈನಿಕನಿಗೇಕೆ ಬೇಕು ಅನ್ನುವುದು ಅವರ ಲೆಕ್ಕ. ಆದರೆ ದುಬೈ ಹುಡುಗನಿಗೆ ಸಂಬಳ ಕೊಡುವುದು ಅಲ್ಲಿನ ಕಂಪನಿ. ಸೈನಿಕನಿಗೆ ಕೊಡುವುದು ಭಾರತ ಸರ್ಕಾರ. ವ್ಯತ್ಯಾಸ ಇರುವುದು ಇಲ್ಲೇ.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 9ರಲ್ಲಿ ಒಂದು ಮಾತಿದೆ. ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಸೇವೆಗೆ ನಮ್ಮ ಸರ್ಕಾರ ಸಂಬಳ ಕೊಟ್ಟರೆ, ಅದು ಭಾರತದಲ್ಲೇ ಹುಟ್ಟಿದ ಆದಾಯ. ಅವರು ಎಷ್ಟು ದಿನ ಹೊರಗಿದ್ದರು, ಎನ್‌ಆರ್‌ಐ ಆದರೋ ಇಲ್ಲವೋ, ಅದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮೂಲ ವೇತನ, ತುಟ್ಟಿಭತ್ಯೆ, ಜವಾನರಿಗೆ ತಿಂಗಳಿಗೆ 5,200 ರೂಪಾಯಿ ಬರುವ ಮಿಲಿಟರಿ ಸರ್ವಿಸ್ ಪೇ, ಎಲ್ಲವೂ ತೆರಿಗೆಯ ಲೆಕ್ಕಕ್ಕೆ ಸೇರುತ್ತವೆ.

ಹಾಗಾದರೆ ವಿನಾಯಿತಿ ಇಲ್ಲವೇ ಇಲ್ಲವಾ? ಇದೆ, ಅದೂ ದೊಡ್ಡದು. ಕಲಂ 10(7) ಪ್ರಕಾರ, ಹೊರದೇಶದ ಸೇವೆಗಾಗಿ ಸರ್ಕಾರ ತನ್ನ ಪ್ರಜೆಗೆ ಭಾರತದ ಹೊರಗೆ ಕೊಡುವ ಭತ್ಯೆ ಮತ್ತು ಸೌಲಭ್ಯಕ್ಕೆ ಪೂರ್ತಿ ತೆರಿಗೆ ವಿನಾಯಿತಿ. ಇದಕ್ಕೆ ಮಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲೂ ಸಿಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ದೇಶದೊಳಗಿನ ಫೀಲ್ಡ್ ಏರಿಯಾ ಭತ್ಯೆಗೆ ತಿಂಗಳಿಗೆ 2,600 ರೂಪಾಯಿ, ಕೌಂಟರ್ ಇನ್‌ಸರ್ಜೆನ್ಸಿ (ಬಂಡಾಯ ನಿಗ್ರಹ) ಭತ್ಯೆಗೆ 3,900 ರೂಪಾಯಿ ಮಿತಿಯ ವಿನಾಯಿತಿ ಇದೆಯಲ್ಲ, ಅದು ಹಳೆ ಪದ್ಧತಿಗೆ ಮಾತ್ರ. ಎರಡನ್ನೂ ಒಂದೇ ಅಂದುಕೊಂಡು ‘ಹೊಸ ಪದ್ಧತಿಯಲ್ಲಿ ಯಾವ ಭತ್ಯೆಗೂ ವಿನಾಯಿತಿ ಇಲ್ಲ’ ಅಂತ ಕೈಬಿಟ್ಟವರನ್ನು ನೋಡಿದ್ದೇನೆ.

ಒಂದು ಎಚ್ಚರಿಕೆ. 10(7) ಇರುವುದು ಸರ್ಕಾರ ಕೊಟ್ಟ ಭತ್ಯೆಗೆ. ಮಿಲಿಟರಿ ವೀಕ್ಷಕರಾಗಿ ಹೋಗುವ ಅಧಿಕಾರಿಗಳಿಗೆ ವಿಶ್ವಸಂಸ್ಥೆಯೇ ನೇರವಾಗಿ ವಾಸದ ಭತ್ಯೆ ಕೊಡುತ್ತದೆ. ಅದನ್ನು ಸುಮ್ನೆ ಇದೇ ಕಲಮಿಗೆ ತುಂಬಬಾರದು, ಬೇರೆಯಾಗಿಯೇ ನೋಡಬೇಕು.

ಈಗ ಏಜೆಂಟನ ಚೀಟಿಗೆ ಬರೋಣ. ನಮ್ಮ ಹವಾಲ್ದಾರ್ ಹೊರಟಿದ್ದು ನವೆಂಬರ್ ಮೊದಲ ವಾರ. ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ 214 ದಿನ ಭಾರತದಲ್ಲೇ ಇದ್ದರು. 182 ದಿನ ತುಂಬಿದರೆ ಆ ವರ್ಷ ಅವರು ನಿವಾಸಿಯೇ. ಅಂದರೆ ‘ಎನ್‌ಆರ್‌ಐ’ ಅನ್ನುವ ಮೊದಲ ಪದವೇ ತಪ್ಪು. ತಪ್ಪು ಬರೆದರೆ ಆಗುವ ನಷ್ಟ ಇನ್ನೂ ಜಾಸ್ತಿ. ಅದನ್ನು ಆಕೆಗೆ ಹಾಳೆಯ ಮೇಲೆ ಬರೆದು ತೋರಿಸಿದೆ.

ದುಂಡು ಅಂಕಿ ತಗೊಳ್ಳೋಣ. 2025-26ರಲ್ಲಿ ಸಂಬಳ 7,80,000, ವಿದೇಶಿ ಭತ್ಯೆ 6,00,000. ಹೊಸ ಪದ್ಧತಿಯಲ್ಲಿ ಭತ್ಯೆ ಬಿಟ್ಟು, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 7,05,000. ನಿವಾಸಿಗೆ 12 ಲಕ್ಷದವರೆಗೆ ಕಲಂ 87ಎ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ, ಹಾಗಾಗಿ ತೆರಿಗೆ ಸೊನ್ನೆ. ಅದೇ ರಿಟರ್ನ್‌ನಲ್ಲಿ ಅನಿವಾಸಿ ಅಂತ ಗುರುತು ಹಾಕಿದರೆ? ಅನಿವಾಸಿಗೆ ಆ ರಿಬೇಟ್ ಇಲ್ಲ. 4 ಲಕ್ಷದ ಮೇಲಿನ 3,05,000ಕ್ಕೆ ಶೇ 5ರಂತೆ 15,250, ಅದರ ಮೇಲಿನ ಸೆಸ್ (ಉಪಕರ) ಸೇರಿ 15,860 ರೂಪಾಯಿ ಕಟ್ಟಬೇಕು. ಟ್ಯಾಕ್ಸ್ ಇಲ್ಲ ಅಂತ ಬರೆದುಕೊಟ್ಟವನೇ ಟ್ಯಾಕ್ಸ್ ತಂದಿಡುತ್ತಿದ್ದ.

ಮಾವ ಆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಬೆರಳಿಟ್ಟು ಎರಡು ಸಲ ಓದಿದರು.

ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇಡೀ ವರ್ಷ ಹೊರಗಿದ್ದವರು ನಿಜವಾಗಿಯೂ ಅನಿವಾಸಿ ಆಗುತ್ತಾರೆ. ಅವರು ಈ ರಿಬೇಟ್ ಕಳೆದುಕೊಳ್ಳುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ. ಸರ್ಕಾರವೇ ಕಳಿಸಿದ ಸೈನಿಕನಿಗೆ, ಹೋದ ಕಾರಣಕ್ಕೇ ಹೊರೆ ಬೀಳಬಾರದು. ಆದರೆ ಇವತ್ತಿನ ಕಾನೂನು ಹಾಗಿದೆ, ದಿನಗಳ ಲೆಕ್ಕವನ್ನು ನಮಗೆ ಬೇಕಾದಂತೆ ಬರೆಯುವ ಹಾಗಿಲ್ಲ. ಪಾಸ್‌ಪೋರ್ಟ್ ಮುದ್ರೆ ಅಥವಾ ಸೈನ್ಯ ಕೊಡುವ ಪ್ರಯಾಣದ ಆದೇಶ (ಮೂವ್‌ಮೆಂಟ್ ಆರ್ಡರ್) ನೋಡಿಯೇ ಎಣಿಸಬೇಕು. ಅನಿವಾಸಿ ಆದವರಿಗೆ ಐಟಿಆರ್-1 ಅನ್ನುವ ಸರಳ ರಿಟರ್ನ್ ನಮೂನೆ ನಡೆಯುವುದಿಲ್ಲ, ಐಟಿಆರ್-2 ಬೇಕು.

ಇನ್ನು ಫಾರ್ಮ್ 16. ಜವಾನರದ್ದು ಅವರವರ ಪೇ ಅಂಡ್ ಅಕೌಂಟ್ಸ್ ಆಫೀಸಿನಿಂದ ಬರುತ್ತದೆ. ಬಂದ ತಕ್ಷಣ ಮಾಡಬೇಕಾದ ಕೆಲಸ ಒಂದೇ: ಒಟ್ಟು ಸಂಬಳದಲ್ಲಿ ವಿದೇಶಿ ಭತ್ಯೆ ಸೇರಿದೆಯಾ, ಸೇರಿದ್ದರೆ ವಿನಾಯಿತಿ ಅಂತ ಕಳೆದಿದ್ದಾರಾ ಅಂತ ನೋಡುವುದು. ನಮ್ಮ ಲೆಕ್ಕದಲ್ಲೇ ಆ 6 ಲಕ್ಷ ಕಳೆಯದೆ ಉಳಿದರೆ ಆದಾಯ 13,05,000 ಆಗಿ, ತೆರಿಗೆ ಸೆಸ್ ಸೇರಿ 78,780 ರೂಪಾಯಿ ಬರುತ್ತದೆ. ಕಳೆದಿಲ್ಲದಿದ್ದರೆ ಯೂನಿಟ್ ಮೂಲಕ ತಿದ್ದಿಸಲು ಕೇಳಿ. ರಿಟರ್ನ್‌ನಲ್ಲೂ ವಿನಾಯಿತಿ ಭತ್ಯೆಗಳ ಪಟ್ಟಿಯಲ್ಲಿ 10(7) ಅಂತಲೇ ಇದೆ, ಅದನ್ನು ಆರಿಸಿ ಮೊತ್ತ ತುಂಬಬಹುದು. ಭತ್ಯೆ ಎಷ್ಟು, ಯಾವ ತಿಂಗಳಿಗೆ, ಎಲ್ಲಿ ಕೊಟ್ಟರು ಅನ್ನುವ ಕಾಗದ ಮಾತ್ರ ಕೈಯಲ್ಲಿರಲಿ. ‘ಭಾರತದ ಹೊರಗೆ ಕೊಟ್ಟ’ ಅನ್ನುವ ಮಾತಿಗೆ ಆ ಕಾಗದವೇ ಸಾಕ್ಷಿ.

ಭತ್ಯೆಗೆ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಅದನ್ನು ಇಲ್ಲಿ ಎಫ್‌ಡಿ ಇಟ್ಟಾಗ ಬರುವ ಬಡ್ಡಿಗೂ ಇಲ್ಲ ಅಂತಲ್ಲ. ಬಡ್ಡಿ ತೋರಿಸಲೇಬೇಕು, ಬ್ಯಾಂಕು ಹೇಗೂ ಇಲಾಖೆಗೆ ತಿಳಿಸಿರುತ್ತದೆ. ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರೆ, ನಿವಾಸಿಯಾದವರು ಐಟಿಆರ್-2ರಲ್ಲಿ ವಿದೇಶಿ ಆಸ್ತಿಯ ಭಾಗ ತುಂಬಬೇಕು. ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷ ದಾಟದಿದ್ದರೆ ಆ ದಂಡ ಬೀಳುವುದಿಲ್ಲ. ಹಾಗಂತ ತೋರಿಸದೆ ಬಿಡಬೇಡಿ.

2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಕಲಂಗಳ ಸಂಖ್ಯೆ ಬದಲಾಗಿವೆ. ಆದರೆ 2025-26ರ ದುಡಿಮೆಗೆ ಹಳೆಯ ಕಾಯ್ದೆಯೇ.

ಎಲ್ಲ ಮುಗಿದ ಮೇಲೂ ಉಳಿಯುವ ತೊಂದರೆ ಒಟಿಪಿ. ಆಧಾರ್‌ಗೆ ಜೋಡಿಸಿದ ಸಿಮ್ ಗಂಡನ ಕಿಟ್‌ಬ್ಯಾಗಿನಲ್ಲಿ ರೋಮಿಂಗ್ ಇಲ್ಲದೆ ಕೂತಿದ್ದರೆ ರಿಟರ್ನ್ ಹಾಕಿಯೂ ಹಾಕದಂತೆ, ಯಾಕಂದರೆ 30 ದಿನದೊಳಗೆ ಅದು ಇ-ವೆರಿಫೈ (ಆನ್‌ಲೈನ್‌ನಲ್ಲಿ ದೃಢೀಕರಣ) ಆಗಬೇಕು. ಇಲ್ಲವಾದರೆ ಸಹಿ ಮಾಡಿದ ಐಟಿಆರ್-ವಿ (ITR-V) ದೃಢೀಕರಣ ನಮೂನೆ ಬೆಂಗಳೂರಿನ ಸಿಪಿಸಿಗೆ, ಅಂದರೆ ಇಲಾಖೆಯ ರಿಟರ್ನ್ ಸಂಸ್ಕರಣಾ ಕೇಂದ್ರಕ್ಕೆ, ಅಂಚೆಯಲ್ಲಿ ಹೋಗಬೇಕು. ದೇಶದಲ್ಲಿಲ್ಲದವರ ಪರವಾಗಿ ಅಧಿಕಾರ ಪಡೆದವರು ಸಹಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಹೊರಡುವ ಮೊದಲೇ ಹೆಂಡತಿಯ ಹೆಸರಿಗೆ ಅಧಿಕಾರ ಪತ್ರ ಮಾಡಿಸಿಡಿ. ಪಾಸ್‌ವರ್ಡನ್ನು ಏಜೆಂಟ್ ಕೈಗೆ ಕೊಡಬೇಡಿ.

ಈ ಮನೆಯಲ್ಲಿ ಸಿಮ್ ಹೆಂಡತಿಯ ಹತ್ತಿರವೇ ಇತ್ತು. ಫೋನ್ ಮೇಜಿನ ಮೇಲಿಟ್ಟು ಕಾದೆವು. ಆ ಒಟಿಪಿಯ ಆಯಸ್ಸು 15 ನಿಮಿಷ. ವಾಟ್ಸ್‌ಆ್ಯಪ್ ಕರೆಯಲ್ಲಿ ಗಂಡ. ನಮಗೆ ಮಧ್ಯಾಹ್ನ ಮೂರೂವರೆ, ಅವರಿಗೆ ಒಂದು ಗಂಟೆ. ಆರು ಅಂಕಿ ಬಂದವು, ಆಕೆಯೇ ಓದಿದರು, ನಾನು ಒತ್ತಿದೆ. ‘ಆಯ್ತಾ?’ ಅಂತ ಆ ಕಡೆಯಿಂದ ದನಿ. ‘ಆಯ್ತು, ಊಟ ಮಾಡ್ರಿ ನೀವು’ ಅಂದರು ಆಕೆ.