ಸೋವಿ ಗುಳಿಗೆ ಯಾರ ಗುಳಿಗೆ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕಿಮ್ಸ್ ಆಸ್ಪತ್ರೆಯ ಆಸುಪಾಸಿನ ಔಷಧಿ ಅಂಗಡಿಯೊಂದರ ಮುಂದೆ ಕಳೆದ ಮಳೆಗಾಲದಲ್ಲಿ ನಿಂತಿದ್ದೆ. ನನ್ನ ಮುಂದೆ ನವಲಗುಂದದ ಕಡೆಯ ಒಬ್ಬ ತಾಯಿ. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದರು, ಅಂಗಡಿಯವನು ಹೇಳಿದ ಮೊತ್ತ ಕೇಳಿ ಮತ್ತೊಮ್ಮೆ ಎಣಿಸಿದರು. ಇದೇ ಔಷಧ ಜನೌಷಧಿ ಕೇಂದ್ರದಲ್ಲಿ ಸೋವಿಗೆ ಸಿಗುತ್ತದೆ, ಡಾಕ್ಟರನ್ನು ಕೇಳಿ ನೋಡಿ ಎಂದು ನಾನು ಬಾಯಿ ಹಾಕಿದೆ. "ಬೇಡ ಅಣ್ಣಾ, ಹುಡುಗನಿಗೆ ಜ್ವರ ಬಿಟ್ಟಿಲ್ಲ. ಚೀಟಿಯಲ್ಲಿರುವ ಕಂಪನಿ ಗುಳಿಗೆಯೇ ಇರಲಿ" ಎಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, ಐದು ದಿನಕ್ಕೆ ಬರೆದದ್ದರಲ್ಲಿ ಎರಡು ದಿನದ್ದಷ್ಟೇ ಕೊಡುವಂತೆ ಕೇಳಿದರು.

ಅದೇ ವಾರ ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರ ಮನೆಗೆ ಹೋಗಿದ್ದೆ. ಒಳ್ಳೆಯ ಪಿಂಚಣಿ, ಮಗ ಹೊರದೇಶದಲ್ಲಿ, ಅಂಗಳದಲ್ಲಿ ಕಾರು. ಮೇಜಿನ ಮೇಲೆ ಜನೌಷಧಿಯ ಚೀಲ. ಶುಗರ್, ಬಿಪಿ, ಕೊಲೆಸ್ಟರಾಲ್ ಮೂರಕ್ಕೂ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಹಣ ಉಳಿದ ಸಂತೋಷಕ್ಕಿಂತ, ಕಂಪನಿಗಳ ಆಟ ತಮಗೆ ತಿಳಿದಿದೆ ಎಂಬ ಹೆಮ್ಮೆಯೇ ಅವರ ಮುಖದಲ್ಲಿ ಹೆಚ್ಚಾಗಿತ್ತು.

ಇದು ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ. ಕೈಯಲ್ಲಿ ಕಾಸು ಹೆಚ್ಚಾದಂತೆ ಜನ ರೇಷನ್ ಅಕ್ಕಿ ಬಿಟ್ಟು ಸೋನಾ ಮಸೂರಿಗೆ, ಸೈಕಲ್ ಬಿಟ್ಟು ಬೈಕಿಗೆ ಹೋಗುತ್ತಾರೆ. ಆದಾಯ ಏರಿದಾಗ ಬೇಡಿಕೆ ಇಳಿಯುವ ಇಂತಹ ಸರಕುಗಳಿಗೆ ಅರ್ಥಶಾಸ್ತ್ರದಲ್ಲಿ ಒಂದು ಹೆಸರೇ ಇದೆ: ಕೆಳದರ್ಜೆಯ ಸರಕು. ಅಗ್ಗದ ಜೆನೆರಿಕ್ ಗುಳಿಗೆಯೂ, ಅಂದರೆ ಜನೌಷಧಿಯಲ್ಲಿ ಸಿಗುವ ಬ್ರ್ಯಾಂಡ್ ಹೆಸರಿಲ್ಲದ ಗುಳಿಗೆಯೂ, ಅದೇ ಸಾಲಿಗೆ ಸೇರಬೇಕಿತ್ತು. ಬಡವರು ಹೆಚ್ಚು ಕೊಳ್ಳಬೇಕಿತ್ತು, ಉಳ್ಳವರು ಕಡಿಮೆ. ಹಾಗಾಗುತ್ತಿಲ್ಲ, ಏಕೆಂದರೆ ಗುಳಿಗೆ ಅಕ್ಕಿಯಲ್ಲ. ಅಕ್ಕಿ ಚೆನ್ನಾಗಿದೆಯೋ ಇಲ್ಲವೋ ಎಂಬುದು ಅನ್ನವಾದ ಮೇಲೆ ನಾಲಿಗೆಗೆ ಗೊತ್ತಾಗುತ್ತದೆ. ರಕ್ತದೊತ್ತಡದ ಗುಳಿಗೆ ಚೆನ್ನಾಗಿದೆಯೇ ಎಂಬುದನ್ನು ನುಂಗಿದವನು ತಾನಾಗಿ ತಿಳಿಯಲಾರ. ನಾಲಿಗೆ ಹೇಳದ್ದನ್ನು ಬೆಲೆ ಹೇಳುತ್ತದೆ ಎಂದು ನಂಬುತ್ತಾನೆ. ಸೋವಿ ಜೋಳ ಮುಗ್ಗಲು ಹಿಡಿದಿರುತ್ತದೆ ಎಂಬ ಸಂತೆಯ ಅನುಭವ ಔಷಧಿ ಅಂಗಡಿಗೂ ಅವನ ಜೊತೆ ನಡೆದು ಬರುತ್ತದೆ.

ಮೊದಲು ಈ 'ಕಂಪನಿ ಗುಳಿಗೆ' ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಹೊಸ ಔಷಧ ಕಂಡುಹಿಡಿದವರಿಗೆ 20 ವರ್ಷಗಳ ಪೇಟೆಂಟ್ ಇರುತ್ತದೆ. ಅದು ಮುಗಿದ ಮೇಲೆ ಯಾರು ಬೇಕಾದರೂ ಅದೇ ರಾಸಾಯನಿಕವನ್ನು ತಯಾರಿಸಬಹುದು, ಅದೇ ಜೆನೆರಿಕ್. ಭಾರತ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧವೆಂಬ ವಸ್ತುವಿಗೆ ಪೇಟೆಂಟ್ ಕೊಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. 2005ರಲ್ಲಿ ಆ ಕಾಯ್ದೆ ಬದಲಾಗುವವರೆಗೆ ನಮ್ಮ ಕಂಪನಿಗಳು ಬೇರೆ ದಾರಿಯಲ್ಲಿ ಅದೇ ಔಷಧ ತಯಾರಿಸಿ ಜಗತ್ತಿಗೆಲ್ಲ ಮಾರಿದವು. ಹೀಗಾಗಿ ನಮ್ಮ ಅಂಗಡಿಗಳಲ್ಲಿ ಮಾರಾಟವಾಗುವ ಗುಳಿಗೆಗಳಲ್ಲಿ ಬಹುಪಾಲು ಜೆನೆರಿಕ್ಕೇ, ಮೇಲೊಂದು ಬ್ರ್ಯಾಂಡ್ ಹೆಸರು ಅಂಟಿಸಿಕೊಂಡಿರುತ್ತವೆ ಅಷ್ಟೇ. ಆ ತಾಯಿ ದುಬಾರಿ ಕೊಟ್ಟು ಕೊಂಡದ್ದು ಜೆನೆರಿಕ್ ಅಲ್ಲದ ಗುಳಿಗೆಯನ್ನಲ್ಲ; ಹೆಸರಿಟ್ಟ ಜೆನೆರಿಕ್ ಅನ್ನು.

ಹಾಗಾದರೆ ಹೆಸರಿಲ್ಲದ್ದು ಹೆಸರಿದ್ದಷ್ಟೇ ಕೆಲಸ ಮಾಡುತ್ತದೆಯೇ? ಇದನ್ನು ಅಳೆಯುವ ವಿಧಾನ ಸರಳವಾಗಿದೆ, ಸೊಗಸಾಗಿಯೂ ಇದೆ. ಆರೋಗ್ಯವಂತ ಸ್ವಯಂಸೇವಕರಲ್ಲಿ ಅರ್ಧ ಜನರಿಗೆ ಮೊದಲು ಮೂಲ ಔಷಧ, ಕೆಲವು ದಿನ ಬಿಟ್ಟು ಜೆನೆರಿಕ್; ಉಳಿದ ಅರ್ಧಕ್ಕೆ ತಿರುವುಮುರುವು. ಪ್ರತಿ ಬಾರಿಯೂ ಗುಳಿಗೆ ನುಂಗಿದ ಮೇಲೆ ಮತ್ತೆ ಮತ್ತೆ ರಕ್ತ ತೆಗೆದು ಅದರಲ್ಲಿ ಔಷಧ ಎಷ್ಟಿದೆ ಎಂದು ನೋಡುತ್ತಾರೆ. ಅದನ್ನು ಕಾಗದದ ಮೇಲೆ ಬರೆದರೆ ಉಣಕಲ್ಲಿನ ನೃಪತುಂಗ ಬೆಟ್ಟವನ್ನು ದೂರದಿಂದ ನೋಡಿದಂತೆ ಏರಿ ಇಳಿಯುವ ಒಂದು ಗೆರೆ ಬರುತ್ತದೆ. ಬೆಟ್ಟದ ತುದಿ ಎಷ್ಟು ಎತ್ತರ, ಗೆರೆಯ ಕೆಳಗಿನ ಜಾಗ (ಅಂದರೆ ರಕ್ತ ಸೇರಿದ ಔಷಧದ ಒಟ್ಟು ಪ್ರಮಾಣ) ಎಷ್ಟು, ಇವೆರಡನ್ನೂ ಹೋಲಿಸುತ್ತಾರೆ. ಜೆನೆರಿಕ್ಕಿನ ಅಳತೆ ಮೂಲದ ಶೇ 80ರಿಂದ 125ರ ನಡುವೆ ಬೀಳಬೇಕು ಎಂಬುದು ನಿಯಮ. ಇದನ್ನು ಓದಿದವರು "ಅಂದರೆ ಶೇ 20ರಷ್ಟು ಔಷಧ ಕಡಿಮೆ ಹಾಕಬಹುದು" ಎಂದು ಹುಯಿಲೆಬ್ಬಿಸುತ್ತಾರೆ. ಅದು ತಪ್ಪು ಓದು. ಸರಾಸರಿ ಮಾತ್ರವಲ್ಲ, ಅದು ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜಿನ ಇಡೀ ವ್ಯಾಪ್ತಿ ಆ ಗಡಿಯೊಳಗೆ ಕೂರಬೇಕು. ಆದ್ದರಿಂದ ನಿಜವಾದ ವ್ಯತ್ಯಾಸ ಬಹಳ ಚಿಕ್ಕದಿರಬೇಕಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು ಇಂತಹ 2,070 ಅಧ್ಯಯನಗಳನ್ನು ಒಟ್ಟಿಗೆ ಹಾಕಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ತುದಿಯ ಸರಾಸರಿ ವ್ಯತ್ಯಾಸ ಶೇ 4.35, ಒಟ್ಟು ಪ್ರಮಾಣದ್ದು ಶೇ 3.56.

ಆದರೆ ಇದು ಅಮೆರಿಕದ ಮಾತು. ನಮ್ಮಲ್ಲಿ ಸುಲಭವಾಗಿ ಕರಗದ ಔಷಧಗಳ ಎಲ್ಲ ಜೆನೆರಿಕ್‌ಗಳಿಗೂ ಈ ಪರೀಕ್ಷೆ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಅಷ್ಟು ತಡವಾದದ್ದಕ್ಕೆ ನನಗೆ ಒಪ್ಪುವಂತಹ ಸಮರ್ಥನೆ ಇದುವರೆಗೆ ಕಂಡಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತಾಗ, ನರಕ್ಕೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಿದ್ದು ಅದರ ಬಳಕೆಯನ್ನು ರಾಜ್ಯದಲ್ಲಿ ನಿಲ್ಲಿಸಲಾಯಿತು. ಇಂತಹ ಸುದ್ದಿ ಕೇಳಿದ ಹಳ್ಳಿಯ ತಾಯಿ ಪುಕ್ಕಟೆ ಔಷಧ, ಸೋವಿ ಔಷಧ ಎಂದರೆ ಹಿಂದೆ ಸರಿಯುವುದು ಮೂಢನಂಬಿಕೆಯಲ್ಲ. ಪ್ರಶ್ನೆ ಹೆಸರಿನದಲ್ಲ, ಆ ಬ್ಯಾಚನ್ನು ಯಾರು ಪರೀಕ್ಷಿಸಿದರು ಎಂಬುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ನೂಲಿನ ಎಣಿಕೆ, ಬಣ್ಣ, ಅಳತೆ ಎಲ್ಲವನ್ನೂ ಮಾನಕ ಸಂಸ್ಥೆಯ ನಿಯಮದಂತೆ ನೋಡಿ, ತಪ್ಪಿದ್ದನ್ನು ಪಕ್ಕಕ್ಕಿಡುತ್ತಾರೆ. ಧ್ವಜ ಹಾರಿಸುವವರು ಯಾರೂ ಇದು ಯಾವ ಬ್ರ್ಯಾಂಡ್ ಎಂದು ಕೇಳುವುದಿಲ್ಲ. ಗುಳಿಗೆಯ ವಿಷಯದಲ್ಲಿ ಅಷ್ಟು ನಿಶ್ಚಿಂತೆ ನಮಗಿನ್ನೂ ಸಿಕ್ಕಿಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟ ತಪ್ಪಿದ ಔಷಧಗಳ ಪಟ್ಟಿಯನ್ನು ತಿಂಗಳು ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ಹೆಸರಿದ್ದವೂ ಇರುತ್ತವೆ, ಇಲ್ಲದವೂ ಇರುತ್ತವೆ.

ಥೈರಾಯ್ಡ್, ಮೂರ್ಛೆರೋಗ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಇಂತಹ ಕೆಲವು ಔಷಧಗಳಲ್ಲಿ ಪ್ರಮಾಣ ಸ್ವಲ್ಪ ಆಚೀಚೆಯಾದರೂ ತೊಂದರೆ. ಅವನ್ನು ಡಾಕ್ಟರಿಗೆ ತಿಳಿಸದೆ ಬದಲಿಸಬಾರದು.

ಮತ್ತೆ ಆದಾಯದ ಪ್ರಶ್ನೆಗೆ ಬರೋಣ. ಅಮೆರಿಕದ ಅರ್ಥಶಾಸ್ತ್ರಜ್ಞರು 2015ರಲ್ಲಿ ಒಂದು ಚಂದದ ಪ್ರಶ್ನೆ ಕೇಳಿದರು: ಔಷಧದ ಬಗ್ಗೆ ಎಲ್ಲವನ್ನೂ ಬಲ್ಲ ಫಾರ್ಮಸಿಸ್ಟರು ತಮ್ಮ ಸ್ವಂತ ತಲೆನೋವಿಗೆ ಏನು ಕೊಳ್ಳುತ್ತಾರೆ? ಸಾಮಾನ್ಯ ಗ್ರಾಹಕರು ಕೊಂಡ ತಲೆನೋವಿನ ಔಷಧದಲ್ಲಿ ದುಬಾರಿ ಬ್ರ್ಯಾಂಡಿನ ಪಾಲು ಸುಮಾರು ಶೇ 26 ಇತ್ತು. ಫಾರ್ಮಸಿಸ್ಟರಲ್ಲಿ ಅದು ಸುಮಾರು ಶೇ 9. ಅಡುಗೆಯ ವೃತ್ತಿಯವರು ಉಪ್ಪು ಸಕ್ಕರೆಗಳಲ್ಲಿ ಹೀಗೆಯೇ ಮಾಡುತ್ತಿದ್ದರು. ಇದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ; ದುರ್ಗದಬೈಲಿನಲ್ಲಿ ತಿಂಡಿಗಾಡಿ ನಡೆಸುವವರಾರೂ ಚಿತ್ರವಿರುವ ಪೊಟ್ಟಣದ ಉಪ್ಪಿಗೆ ಹೆಚ್ಚು ಕಾಸು ಕೊಡುವುದಿಲ್ಲ. ಇಲ್ಲಿ ಕೆಲಸ ಮಾಡಿದ್ದು ತಿಳಿವಳಿಕೆ. ಆದಾಯ ಮತ್ತು ತಿಳಿವಳಿಕೆ ಒಂದೇ ಮನೆಯಲ್ಲಿ ಇರುವುದು ಹೆಚ್ಚಾದ್ದರಿಂದ, ದೂರದಿಂದ ನೋಡುವವರಿಗೆ ಆದಾಯವೇ ಕಾರಣವೆಂದು ಕಾಣುತ್ತದೆ.

ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿತು. ಅಲಬಾಮಾ ರಾಜ್ಯದ ಬಡ ಹಳ್ಳಿಗಳ ಕಪ್ಪು ಜನರ ಜೊತೆ ಕೂತು ಮಾತನಾಡಿದ ಸಂಶೋಧಕರು 2012ರಲ್ಲಿ ಬರೆದದ್ದು ಇದು: ಜೆನೆರಿಕ್ ಎಂದರೆ ಕಸುವು ಕಡಿಮೆ, ನಿಜವಾದ ಔಷಧವಲ್ಲ, ಸಣ್ಣಪುಟ್ಟ ಕಾಯಿಲೆಗಾದರೆ ಸರಿ ಎಂದು ಆ ಜನ ನಂಬಿದ್ದರು, ಬಡತನದಿಂದಾಗಿ ಅದಕ್ಕೇ ಒಪ್ಪಿಕೊಳ್ಳಬೇಕಾಗಿದೆ ಎಂಬ ನೋವೂ ಇತ್ತು. ಅಗ್ಗದ್ದನ್ನೇ ಕೊಡುವುದು ಎಂದರೆ ನಮ್ಮನ್ನು ಅಗ್ಗವಾಗಿ ಕಾಣುವುದು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಒಮ್ಮೆಯಾದರೂ ಗದರಿಸಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಪ್ರಾಧ್ಯಾಪಕರು ಒಂದು ತಿಂಗಳು ಜನೌಷಧಿ ಗುಳಿಗೆ ನುಂಗಿ, ಲ್ಯಾಬಿನಲ್ಲಿ ಸಕ್ಕರೆ ನೋಡಿಸಿ, ಸರಿ ಬಾರದಿದ್ದರೆ ಹಿಂದಿನದಕ್ಕೆ ಮರಳಬಹುದು. ಅವರಿಗೆ ಅದೊಂದು ಪ್ರಯೋಗ. ಕೂಲಿಯ ಹೆಣ್ಣುಮಗಳಿಗೆ ಪ್ರಯೋಗ ತಪ್ಪಿದರೆ ಇನ್ನೆರಡು ದಿನದ ಕೂಲಿ, ಇನ್ನೊಮ್ಮೆ ಡಾಕ್ಟರ್ ಫೀಸು, ಮಗುವಿನ ಜ್ವರ. ಕಡಿಮೆ ಕಾಸಿರುವವರು ಕಾಸು ಉಳಿಸುವ ಜೂಜನ್ನು ಆಡುವುದಿಲ್ಲ. ಆದ್ದರಿಂದ ದರ್ಜೆಯಲ್ಲಿ ಇಳಿಯುವ ಬದಲು ಪ್ರಮಾಣದಲ್ಲಿ ಇಳಿಯುತ್ತಾರೆ: ಕಂಪನಿಯದೇ ಗುಳಿಗೆ, ಆದರೆ ಎರಡು ದಿನದ್ದು. ಆ್ಯಂಟಿಬಯೋಟಿಕ್ ಆಗಿದ್ದರೆ ಅದಕ್ಕಿಂತ ಕೆಟ್ಟ ಉಳಿತಾಯ ಇನ್ನೊಂದಿಲ್ಲ.

ಬೆಲೆ ಮನಸ್ಸಿನ ಮೇಲೆ ಕೆಲಸ ಮಾಡುವುದೂ ಸುಳ್ಳಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಾಸ್ಟನ್ನಿನಲ್ಲಿ 82 ಜನರಿಗೆ ಔಷಧವೇ ಇಲ್ಲದ ಗುಳಿಗೆ ಕೊಟ್ಟು, ಸಣ್ಣ ವಿದ್ಯುತ್ ಆಘಾತದ ನೋವು ಎಷ್ಟು ಇಳಿಯಿತೆಂದು ಕೇಳಿದರು. ಗುಳಿಗೆಯ ಬೆಲೆ ಎರಡೂವರೆ ಡಾಲರ್ ಎಂದು ಹೇಳಿಸಿಕೊಂಡವರಲ್ಲಿ ಶೇ 85 ಮಂದಿಗೆ ನೋವು ಇಳಿಯಿತು. ಬೆಲೆಯನ್ನು ಹತ್ತು ಸೆಂಟಿಗೆ ಇಳಿಸಲಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಶೇ 61 ಮಂದಿಗೆ. ಬಣ್ಣವೂ ಹಾಗೆಯೇ. ಓದು ಬಾರದವರಿಗೆ ಗುಳಿಗೆಯ ಹೆಸರೆಂದರೆ ಬಣ್ಣ: ಬಿಳಿಯದು ಬೆಳಿಗ್ಗೆ, ಗುಲಾಬಿಯದು ರಾತ್ರಿ. ಹೃದಯಾಘಾತವಾದ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಗುಳಿಗೆಯ ಬಣ್ಣ ಬದಲಾದರೆ ಔಷಧ ಬಿಟ್ಟುಬಿಡುವ ಸಂಭವ ಶೇ 34ರಷ್ಟು, ಆಕಾರ ಬದಲಾದರೆ ಶೇ 66ರಷ್ಟು ಹೆಚ್ಚುತ್ತದೆ. ತಿಂಗಳಿಗೊಂದು ಕಂಪನಿಯ ಸೋವಿ ಗುಳಿಗೆ ತಂದುಕೊಡುವ ಮಕ್ಕಳು ಇದನ್ನು ಗಮನದಲ್ಲಿಟ್ಟರೆ ಒಳ್ಳೆಯದು.

ಮಾರುಕಟ್ಟೆ ತನ್ನ ಕಡೆಯಿಂದ ಮಾಡುವ ಕಿತಾಪತಿ ಬೇರೆಯೇ ಇದೆ. ಕೆಲವು ಕಂಪನಿಗಳು ಡಾಕ್ಟರರ ಬಳಿ ಪ್ರಚಾರ ಮಾಡದೆ ನೇರವಾಗಿ ಅಂಗಡಿಗೆ ಮಾರುವ ಜೆನೆರಿಕ್‌ಗಳನ್ನೂ ತಯಾರಿಸುತ್ತವೆ. ಅಂಗಡಿಯವನಿಗೆ ಅವು ಬಹಳ ಅಗ್ಗಕ್ಕೆ ಸಿಗುತ್ತವೆ, ಆದರೆ ಸ್ಟ್ರಿಪ್ಪಿನ ಮೇಲೆ ಅಚ್ಚಾದ ಗರಿಷ್ಠ ಬೆಲೆ ಬ್ರ್ಯಾಂಡಿನದಕ್ಕೆ ಹತ್ತಿರವೇ ಇರಬಹುದು. ಚೌಕಾಸಿ ಬಲ್ಲವನಿಗೆ ಅರ್ಧ ಬೆಲೆ, ಬಾರದವನಿಗೆ ಅಚ್ಚಾದ ಬೆಲೆ. ಅಂದರೆ ಜೆನೆರಿಕ್ ನುಂಗಿದ ಬಡವನಿಗೂ ಅದರ ಲಾಭ ತಲುಪಿರುವುದಿಲ್ಲ. 2013ರ ಬೆಲೆ ನಿಯಂತ್ರಣ ಆದೇಶ ಅಗತ್ಯ ಔಷಧಗಳಿಗೆ ಮಿತಿ ಹಾಕುತ್ತದೆ, ನಿಜ. ಆದರೆ ಆ ಮಿತಿಯನ್ನು ಕಟ್ಟುವುದು ಮಾರುಕಟ್ಟೆಯಲ್ಲಿ ಶೇ 1 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಬ್ರ್ಯಾಂಡುಗಳ ಸರಾಸರಿಯ ಮೇಲೆ. ದುಬಾರಿಯವು ಆ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಡಾಕ್ಟರರ ಚೀಟಿಯ ಮುಂದೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಅಂಗಡಿಯವನು ತಾನಾಗಿ ಬೇರೆಯದನ್ನು ಕೊಡುವಂತಿಲ್ಲ, ಅದರಲ್ಲಿ ಅದೇ ರಾಸಾಯನಿಕ ಇದ್ದರೂ. ಜೆನೆರಿಕ್ ಹೆಸರನ್ನೇ ಬರೆಯುವುದು ಕಡ್ಡಾಯ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತು. ವೈದ್ಯರು ಗುಣಮಟ್ಟದ ಪ್ರಶ್ನೆ ಎತ್ತಿ ವಿರೋಧಿಸಿದಾಗ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ಪ್ರಾಧ್ಯಾಪಕರು ತಮ್ಮ ಡಾಕ್ಟರಿಗೆ "ಜೆನೆರಿಕ್ ಹೆಸರಿನಲ್ಲಿ ಬರೆದುಕೊಡಿ" ಎನ್ನಬಲ್ಲರು. ಆ ಮಾತು ಹೇಳಲು ಬೇಕಾದ ಧೈರ್ಯಕ್ಕೂ ಆದಾಯಕ್ಕೂ ಇರುವ ನಂಟನ್ನು ಯಾವ ಸಮೀಕ್ಷೆ ಅಳೆಯಬೇಕೋ.

2008ರಲ್ಲಿ ಶುರುವಾದ ಜನೌಷಧಿ ಕೇಂದ್ರಗಳು 2023ರ ಕೊನೆಗೆ ದೇಶದಲ್ಲಿ ಹತ್ತು ಸಾವಿರ ದಾಟಿದವು. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ, ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಗಬೇಕಾದಾಗ ಅದೇ ಆವರಣದಲ್ಲಿ ಮಾರಾಟವೇಕೆ ಎಂದು ಅಲ್ಲಿನ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ತತ್ವವಾಗಿ ಸರ್ಕಾರದ ಮಾತು ಸರಿ. ಆದರೆ ಉಚಿತ ಔಷಧದ ಕಿಟಕಿಯಲ್ಲಿ "ಸ್ಟಾಕ್ ಇಲ್ಲ" ಎಂಬ ಉತ್ತರ ಸಿಕ್ಕ ದಿನ ಆ ತಾಯಿ ಎಲ್ಲಿಗೆ ಹೋಗಬೇಕು? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನವಲಗುಂದದಿಂದ ಹುಬ್ಬಳ್ಳಿಗೆ ಬರುವ ಬಸ್ ಖರ್ಚು ಅವರಿಗಿಲ್ಲ. ಎರಡು ದಿನದ ಗುಳಿಗೆ ಮುಗಿದ ಮೇಲೆ ಮತ್ತೆ ಬರಬಹುದು, ಕೂಲಿ ತಪ್ಪಿಸಿಕೊಂಡು.

ಅಂದು ಅಂಗಡಿಯವನು ಕತ್ತರಿ ತೆಗೆದುಕೊಂಡು ಸ್ಟ್ರಿಪ್ಪಿನಿಂದ ನಾಲ್ಕು ಗುಳಿಗೆ ಕತ್ತರಿಸಿದ. ರಾಸಾಯನಿಕದ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು ಎಂಬ ನಿಯಮ 2018ರಿಂದ ಇದೆ, ಜನ ಓದಿ ತಿಳಿಯಲಿ ಎಂದೇ. ಆ ಹೆಸರು, ಬೆಲೆ, ಅವಧಿ ಮುಗಿಯುವ ತಿಂಗಳು ಎಲ್ಲವೂ ಅಂಗಡಿಯಲ್ಲಿ ಉಳಿದ ತುಂಡಿನ ಮೇಲಿದ್ದವು. ಆ ತಾಯಿಯ ಅಂಗೈಗೆ ಬಂದ ತುಂಡಿನ ಹಿಂಬದಿಯಲ್ಲಿ ಅರ್ಧ ಅಕ್ಷರವೊಂದು, ಉಳಿದದ್ದೆಲ್ಲ ಬರೀ ಬೆಳ್ಳಿಯ ಹಾಳೆ.