ಟೊಮೆಟೊದಲ್ಲಿ ಕೀಟನಾಶಕದ ಉಳಿಕೆ: ಮೇಲಿನ ಪದರ ಎಷ್ಟು ಮಿ.ಲೀ. ಅಂತ ಹಿಡಿಯಬೇಕು?

ಕೀಟನಾಶಕದ ಪರೀಕ್ಷೆಗೆಂದು ಕೆ.ಆರ್. ಮಾರ್ಕೆಟ್‌ನಿಂದ ತಂದ ಟೊಮೆಟೊವನ್ನು ತೊಳೆಯಬಾರದು. ತೊಟ್ಟು ಕಿತ್ತು, ಸಿಪ್ಪೆ ಸಮೇತ ಕಿಲೋ ಹಣ್ಣನ್ನೂ ಒಟ್ಟಿಗೆ ರುಬ್ಬಬೇಕು. ಸಿಪ್ಪೆಯ ಚೂರು ಕಣ್ಣಿಗೆ ಬಿದ್ದರೆ ಇನ್ನೂ ರುಬ್ಬಿ. ತೂಗುವುದು ಬರೀ 10 ಗ್ರಾಂ, ಇಡೀ ಕಿಲೋದ ಗುಣ ಅದರಲ್ಲಿ ಬರಬೇಕು.

ಆಹಾರದಿಂದ ಕೀಟನಾಶಕವನ್ನು ಬೇರ್ಪಡಿಸಲು 2003ರಲ್ಲಿ ಪ್ರಕಟವಾದ ಕ್ಯಾಚರ್ಸ್ (QuEChERS) ವಿಧಾನದ ಸಿಟ್ರೇಟ್ ರೂಪ ಇದು. 50 ಮಿ.ಲೀ. ಟ್ಯೂಬಿಗೆ 10 ಗ್ರಾಂ ರುಬ್ಬಿದ ಹಣ್ಣು, ಕೀಟನಾಶಕವನ್ನು ಕರಗಿಸಿಕೊಳ್ಳುವ ದ್ರಾವಕ ಅಸಿಟೋನೈಟ್ರೈಲ್ 10 ಮಿ.ಲೀ. ಹಾಕಿ ಒಂದು ನಿಮಿಷ ಕುಲುಕಿ. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಅಡುಗೆ ಉಪ್ಪಿನ ಶುದ್ಧ ರೂಪ ಸೋಡಿಯಂ ಕ್ಲೋರೈಡ್, ಜೊತೆಗೆ 1.5 ಗ್ರಾಂ ಸಿಟ್ರೇಟ್ ಲವಣಗಳು. ಹಾಕಿದ ತಕ್ಷಣ ಕುಲುಕಿ. ತಡ ಮಾಡಿದರೆ ಸಲ್ಫೇಟ್ ನೀರು ಹೀರಿ ಗಡ್ಡೆ ಕಟ್ಟುತ್ತದೆ. ಟ್ಯೂಬ್ ಬಿಸಿಯಾಗುವುದು ಸಹಜ. ಸೆಂಟ್ರಿಫ್ಯೂಜ್ ಮಾಡಿದರೆ ಅಸಿಟೋನೈಟ್ರೈಲ್ ಮೇಲೆ, ನೀರು ಕೆಳಗೆ.

ಎಡವುವುದು ಇಲ್ಲೇ. ಪಿಪೆಟ್‌ಗೆ ಸಿಕ್ಕ ಮೇಲಿನ ಪದರ 8 ಮಿ.ಲೀ. ಅಂದುಕೊಳ್ಳಿ. ಲೆಕ್ಕಕ್ಕೆ 8 ಹಿಡಿಯಬೇಕೋ, 10 ಹಿಡಿಯಬೇಕೋ, ಟೊಮೆಟೊದ ನೀರೂ ಸೇರಿಸಿ 19 ಹಿಡಿಯಬೇಕೋ? 10. ಕೀಟನಾಶಕ ಕರಗಿದ್ದು ನಾವು ಹಾಕಿದ 10 ಮಿ.ಲೀ. ಒಳಗೆ. ಉಪ್ಪು ಬಿದ್ದ ಮೇಲೆ ನೀರು ಬೇರೆಯಾಯಿತು, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಪಾತ್ರೆಯಲ್ಲಿ ಕದಡಿದ ಪಾನಕವನ್ನು ಎಷ್ಟು ಲೋಟ ಬಗ್ಗಿಸಿಕೊಂಡರೂ ಸಿಹಿ ಅಷ್ಟೇ ಅಲ್ಲವೇ? ತಳದಲ್ಲಿ ಉಳಿದ 2 ಮಿ.ಲೀ. ಕೂಡ ಅದೇ ಪಾನಕ. ಆದ್ದರಿಂದ 1 ಮಿ.ಲೀ. ಅಂದರೆ 1 ಗ್ರಾಂ ಹಣ್ಣು.

ಈ ಪದರದಲ್ಲಿನ ಕೀಟನಾಶಕ ಅಳೆಯುವ ಯಂತ್ರ 12 ನ್ಯಾನೋಗ್ರಾಂ/ಮಿ.ಲೀ. ತೋರಿಸಿದರೆ ಹಣ್ಣಿನಲ್ಲಿ ಇರುವುದು 0.012 ಮಿ.ಗ್ರಾಂ/ಕೆ.ಜಿ. ತಪ್ಪಾಗಿ 8 ಹಿಡಿದರೆ 0.0096. ಆಹಾರ ಸುರಕ್ಷತಾ ನಿಯಮದಲ್ಲಿ ಬೇರೆ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ 0.01 ಮಿತಿ. ಫೇಲ್ ಆಗಬೇಕಿದ್ದ ಹಣ್ಣು ಈ ಒಂದು ತಪ್ಪಿನಿಂದ ಪಾಸ್!

ಯಂತ್ರಕ್ಕೆ ಹಾಕುವ ಮುನ್ನ 1ಕ್ಕೆ 1 ನೀರು ಬೆರೆಸಿದ್ದರೆ 2ರಿಂದ ಗುಣಿಸಿ. 4 ಮಿ.ಲೀ. ಆರಿಸಿ 1 ಮಿ.ಲೀ.ಗೆ ತಂದಿದ್ದರೆ 4ರಿಂದ ಭಾಗಿಸಿ. ಟೊಮೆಟೊ ಬದಲು ಕರಿಬೇವು, ಅದೂ 5 ಗ್ರಾಂ ಮಾತ್ರ ತೆಗೆದುಕೊಂಡಿದ್ದರೆ 2ರಿಂದ ಗುಣಿಸಿ. ಅದಕ್ಕೆ ಸುಮಾರು 7 ಮಿ.ಲೀ. ನೀರನ್ನೂ ಮೊದಲೇ ಸೇರಿಸಿರಬೇಕು. ಈ ನೀರೂ ಗುಣಾಕಾರಕ್ಕೆ ಬರುವುದಿಲ್ಲ.

ಯಂತ್ರಕ್ಕೆ ಹಾಕುವ ಮೊದಲು ಮೇಲಿನ ಪದರದ ಶುದ್ಧೀಕರಣಕ್ಕೆ ಪ್ರತಿ ಮಿ.ಲೀ.ಗೆ 150 ಮಿ.ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 25 ಮಿ.ಗ್ರಾಂ ಪಿಎಸ್ಎ (ಬೇಡದ್ದನ್ನು ಹಿಡಿದಿಡುವ ಪುಡಿ) ಸಾಕು. ಪಿಎಸ್ಎ ಹಣ್ಣಿನ ಆಮ್ಲಗಳ ಜೊತೆ 2,4-ಡಿಯಂಥ ಆಮ್ಲೀಯ ಕಳೆನಾಶಕವನ್ನೂ ಹಿಡಿದುಬಿಡುತ್ತದೆ, ಅಂಥವಕ್ಕೆ ಈ ಹಂತ ಬಿಡಿ. ಕರಿಬೇವಿನ ಹಸಿರು ತೆಗೆಯಲು ಕಾರ್ಬನ್ ಪುಡಿ ಜಾಸ್ತಿ ಹಾಕಿದರೆ ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕ ಕೂಡ ಹೋಗುತ್ತದೆ.

ಇಡೀ ಲೆಕ್ಕವನ್ನು ಪರೀಕ್ಷಿಸಲು ಕೀಟನಾಶಕ ಇಲ್ಲದ 10 ಗ್ರಾಂ ಟೊಮೆಟೊಗೆ 1 ಮೈಕ್ರೋಗ್ರಾಂ/ಮಿ.ಲೀ. ದ್ರಾವಣ 100 ಮೈಕ್ರೋಲೀಟರ್ ಹಾಕಿ. ಅದು ಸರಿಯಾಗಿ 0.01 ಮಿ.ಗ್ರಾಂ/ಕೆ.ಜಿ. ಕೊನೆಗೆ ಬರುವ ಅಂಕಿ ಅದರ ಶೇ. 70ರಿಂದ 120ರೊಳಗೆ ಇರಬೇಕು. ಸುಮಾರು ದುಪ್ಪಟ್ಟು ಬಂದರೆ ಮೊದಲು ನೋಡಬೇಕಾದದ್ದು ಆ 19 ಮಿ.ಲೀ. ಎಲ್ಲಾದರೂ ನುಸುಳಿದೆಯೇ ಅಂತ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಮಾತ್ರ ಈ ದಾರಿಯಲ್ಲಿ ಸಿಗುವುದೇ ಇಲ್ಲ. ಅದನ್ನು ಆಮ್ಲದಲ್ಲಿ ಒಡೆದು, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅಳೆಯಬೇಕು.