ಸಂಜೆ ಸರಿಯಿರುತ್ತೇನೆ, ಬೆಳಗ್ಗೆ ಏಳಲೇ ಆಗುವುದಿಲ್ಲ. ಯಾಕೆ?

ಪ್ರಶ್ನೆ: ಡಿಪ್ರೆಶನ್‌ಗೆ ಮಾತ್ರೆ ಶುರುವಾಗಿ ಹತ್ತು ದಿನವಾಯಿತು. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ, ಆದರೆ ಎಂಟಾದರೂ ಹಾಸಿಗೆ ಬಿಡಲು ಆಗುವುದಿಲ್ಲ. ತಿಂಡಿ ತಟ್ಟೆ ನೋಡಿದರೆ ವಾಕರಿಕೆ. ಸಂಜೆ ಹೊತ್ತಿಗೆ ಸ್ವಲ್ಪ ಜೀವ ಬಂದ ಹಾಗಾಗುತ್ತದೆ. "ಸಂಜೆ ಟಿವಿ ನೋಡೋಕೆ ಆಗುತ್ತೆ, ಬೆಳಗ್ಗೆ ಏಳೋಕೆ ಆಗಲ್ವಾ?" ಅಂತ ಮನೆಯಲ್ಲಿ ಕೇಳುತ್ತಾರೆ. ನನ್ನದು ಸೋಮಾರಿತನವೇ?

ಉತ್ತರ: ಅಲ್ಲ. ಬೆಳಗ್ಗೆ ಜಾಸ್ತಿ ಕುಸಿದಿರುವುದು, ಮಾಮೂಲಿಗಿಂತ ಎರಡು ಗಂಟೆ ಅಥವಾ ಇನ್ನೂ ಮುಂಚೆ ಎಚ್ಚರವಾಗುವುದು, ಹಸಿವು ಸತ್ತುಹೋಗುವುದು. ಈ ಮೂರೂ ಖಿನ್ನತೆಯ ಲಕ್ಷಣಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಗಳ ಪಟ್ಟಿಯ ವಿವರಣೆಯಲ್ಲೇ ಇದೆ. ನೀವು ಅದನ್ನು ಓದಿಕೊಂಡು ಪ್ರಶ್ನೆ ಬರೆದ ಹಾಗಿದೆ! ಎಲ್ಲರಿಗೂ ಹೀಗೇ ಆಗುವುದಿಲ್ಲ. ಕೆಲವರು ಖಿನ್ನತೆಯಲ್ಲಿ ಜಾಸ್ತಿ ತಿನ್ನುತ್ತಾರೆ, ಜಾಸ್ತಿ ಮಲಗುತ್ತಾರೆ. ನಿಮ್ಮದು ಆ ಬಗೆಯಲ್ಲ.

ನಿದ್ದೆ, ಹಸಿವು, ಮೈಬಿಸಿ, ಹಾರ್ಮೋನುಗಳು ಇವೆಲ್ಲ ಮಿದುಳಿನೊಳಗಿನ ಒಂದು ಗಡಿಯಾರದ ಪ್ರಕಾರ ಏರಿಳಿಯುತ್ತವೆ. ಉದಾಹರಣೆಗೆ ಕಾರ್ಟಿಸಾಲ್ ಎಂಬ ಹಾರ್ಮೋನು. ಎಚ್ಚರವಾದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಇದು ಹೆಚ್ಚಿನವರಿಗೆ ಏರುತ್ತದೆ. ಖಿನ್ನತೆಯಲ್ಲಿ ಹಲವರಿಗೆ ಈ ಲಯವೇ ಕೆಡುತ್ತದೆ. ಮನೆಯವರಿಗೆ ಒಂದು ಮಾತು ಕೇಳಿ: ಸಂಜೆ ಏರುವ ಜ್ವರ ಬೆಳಗ್ಗೆ ಇಳಿದಿದ್ದರೆ ಜ್ವರವೇ ಸುಳ್ಳು ಅನ್ನುತ್ತೀರಾ?

ಹಾಗಾದರೆ ಏನು ಮಾಡುವುದು? ನನ್ನ ಮುಖ್ಯ ಸಲಹೆ ಇಷ್ಟೇ: ಬೆಳಗಿನ ಕೆಲಸವನ್ನು ಸಂಜೆಯೇ ಮಾಡಿಡಿ. ಸಂಜೆ ಸಿಗುವ ಆ ಸ್ವಲ್ಪ ಶಕ್ತಿಯಲ್ಲಿ ನಾಳೆಯ ಬಟ್ಟೆ ತೆಗೆದಿಡಿ. ಹಾಸಿಗೆ ಪಕ್ಕ ನೀರಿನ ಬಾಟಲಿ, ಒಂದು ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ ಇರಲಿ. ಬೆಳಗ್ಗೆ ನೀವು ಯೋಚಿಸಿ ಆರಿಸಬೇಕಾದ್ದು ಏನೂ ಉಳಿದಿರಬಾರದು. ಎದ್ದ ಮೇಲೆ ಮೊದಲ ಕೆಲಸ ಸ್ನಾನವಲ್ಲ, ವಾಕಿಂಗ್ ಅಲ್ಲ. ಕಾಲು ನೆಲಕ್ಕೆ ಇಟ್ಟು, ಬಾಗಿಲ ಹತ್ತಿರವೋ ಬಾಲ್ಕನಿಯಲ್ಲೋ ಬೆಳಕಿಗೆ ಬಂದು ಕೂರುವುದು. ಸುಮ್ನೆ ಕೂತರೆ ಸಾಕು. ಒಳಗಿನ ಗಡಿಯಾರವನ್ನು ಸರಿಹೊಂದಿಸುವುದು ಮುಖ್ಯವಾಗಿ ಬೆಳಗಿನ ಬೆಳಕೇ. ಐದಕ್ಕೆ ಎದ್ದು ಯೋಗ ಮಾಡಿ ಎನ್ನುವ ಸಲಹೆ ಈ ಹಂತದಲ್ಲಿ ನನಗೆ ಇಷ್ಟವಿಲ್ಲ. ಒಳ್ಳೆಯದೇ, ಆದರೆ ಆಗದ ದಿನ ಅದೂ ಒಂದು ಸೋಲಾಗಿ ಕೂರುತ್ತದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಮಾಡಬಹುದು.

ಇನ್ನೊಂದು ವಿಷಯ. ನಾಲ್ಕು ಗಂಟೆಗೆ ಬರುವ ಯೋಚನೆಗಳ ಮಾತು ಕೇಳಿ ಯಾವ ತೀರ್ಮಾನವನ್ನೂ ಮಾಡಬೇಡಿ. ಕೆಲಸ ಬಿಡುವುದು, ಮದುವೆ ಮುರಿಯುವುದು, ಸೈಟ್ ಮಾರುವುದು ಎಲ್ಲ ಸಂಜೆಗೆ ಮುಂದೂಡಿ. ಸಾಧ್ಯವಾದರೆ ಚೇತರಿಸಿಕೊಳ್ಳುವವರೆಗೂ. ರಾತ್ರಿ ನಿದ್ದೆ ಬರಲಿ ಅಂತ ಕುಡಿಯುವ ಅಭ್ಯಾಸ ಇದ್ದರೆ ಅದೂ ನಡುರಾತ್ರಿ ಎಬ್ಬಿಸುತ್ತದೆ.

ಈಗ ಊಟ. ಹಸಿವಾದ ಮೇಲೆ ತಿನ್ನೋಣ ಅಂತ ಕಾಯಬೇಡಿ, ಸದ್ಯಕ್ಕೆ ಅದು ಬರುವುದಿಲ್ಲ. ಗಂಟೆ ನೋಡಿ ತಿನ್ನಿ. ಎರಡು-ಮೂರು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಬಿಸಿ ಅಡುಗೆಯ ಘಮ ಜಾಸ್ತಿ, ಒಗ್ಗರಣೆ ವಾಸನೆಗೇ ಹಲವರಿಗೆ ಹೊಟ್ಟೆ ತೊಳೆಸುತ್ತದೆ. ಹಾಗಾಗಿ ತಣ್ಣಗಿನದು, ಮೆತ್ತಗಿನದು ಸುಲಭ. ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಮೊಸರನ್ನ, ಮೊಸರವಲಕ್ಕಿ, ಗಂಜಿಗೆ ಒಂದು ಚೂರು ಉಪ್ಪಿನಕಾಯಿ. ಅಗಿಯುವುದೇ ಬೇಸರವಾದರೆ ಕುಡಿಯಿರಿ: ಹಾಲು, ರಾಗಿ ಮಾಲ್ಟ್, ತೆಳ್ಳಗಿನ ಬೇಳೆಕಟ್ಟು. ಅಂಬಲಿಯಿಂದ ಹೊಟ್ಟೆ ತುಂಬಬಹುದು, ಆದರೆ ಶಕ್ತಿ ಸಾಲದು. ಒಂದು ಚಮಚ ತುಪ್ಪ, ಒಂದು ಹಿಡಿ ಶೇಂಗಾ, ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ ಸೇರಿಸಿ. ದೊಡ್ಡ ಊಟವನ್ನು ಸಂಜೆಗೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಬರೀ ಹೊಟ್ಟೆಗೆ ಮೂರು ಲೋಟ ಕಾಫಿ ಕುಡಿದರೆ ಇರುವ ಹಸಿವೂ ಹೋಗಿ ಎದೆ ಡವಡವ ಶುರುವಾಗುತ್ತದೆ. ಹಾಗಂತ ಬಿಡಬೇಕಿಲ್ಲ. ಹಾಸಿಗೆಯಿಂದ ಎಬ್ಬಿಸುವುದು ಆ ಒಂದು ಲೋಟವೇ ಆಗಿದ್ದರೆ ಅದು ಇರಲಿ, ಹಾಲು ಜಾಸ್ತಿ ಹಾಕಿ. ಏಕಾದಶಿ, ಶನಿವಾರದ ಒಪ್ಪೊತ್ತು ಇವನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಿ.

ವಾಕರಿಕೆ ಮಾತ್ರೆಯಿಂದಲೂ ಇರಬಹುದು. ನಿಮ್ಮದು ಯಾವುದೆಂದು ಬರೆದಿಲ್ಲ. ಸರ್ಟ್ರಾಲಿನ್, ಎಸಿಟಲೋಪ್ರಾಮ್‌ನಂಥವು ಮೊದಲ ಒಂದೆರಡು ವಾರ ಹೊಟ್ಟೆ ತೊಳೆಸುವುದು ಸಾಮಾನ್ಯ. ಏನಾದರೂ ತಿಂದ ಮೇಲೆ ತೆಗೆದುಕೊಂಡರೆ ಕಡಿಮೆ. ಗುಣ ಗೊತ್ತಾಗಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅಂದರೆ ತೊಂದರೆ ಮೊದಲು ಬರುತ್ತದೆ, ಲಾಭ ಆಮೇಲೆ. ಎಷ್ಟೋ ಜನ ಸರಿಯಾಗಿ ಈ ಹಂತದಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಮಿರ್ಟಾಜಪಿನ್‌ನಂಥ ಮಾತ್ರೆ ನಿದ್ದೆ, ಹಸಿವು ಎರಡನ್ನೂ ಹೆಚ್ಚಿಸುತ್ತದೆ. ಬದಲಾಯಿಸುವುದೋ, ಹೊತ್ತು ಹಿಂದೆ ಮುಂದೆ ಮಾಡುವುದೋ ಅವರು ನೋಡುತ್ತಾರೆ. ಥೈರಾಯ್ಡ್, ಬಿ12, ರಕ್ತಹೀನತೆ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಾದರೆ ಊಟ ಬಿಡುವುದು ಅಪಾಯ. ಸಕ್ಕರೆ ದಿಢೀರನೆ ಇಳಿಯುತ್ತದೆ, ಅವತ್ತೇ ಡಾಕ್ಟರಿಗೆ ತಿಳಿಸಿ.

ಕೆಲವು ವಿಷಯಗಳಲ್ಲಿ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯುವಂತಿಲ್ಲ. ನೀರೂ ಇಳಿಯುತ್ತಿಲ್ಲ ಅಂದರೆ, ಬದುಕಿದ್ದು ಏನು ಪ್ರಯೋಜನ ಅನ್ನಿಸಿದರೆ, ಸಾಯುವ ಯೋಚನೆ ಬಂದರೆ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ಹೇಳಿ, ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ 14416 ಹಗಲು-ರಾತ್ರಿ ಸಿಗುವ ಉಚಿತ ಸರ್ಕಾರಿ ಸಹಾಯವಾಣಿ, 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ಬೆಳಗಿನ ನಾಲ್ಕು ಗಂಟೆಗೂ ಕರೆ ಮಾಡಬಹುದು ಅನ್ನುವುದು ನಿಮ್ಮಂಥವರಿಗೆ ಮುಖ್ಯ. ತೂಕವನ್ನು ವಾರಕ್ಕೊಮ್ಮೆ ನೋಡಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 60 ಕೆಜಿ ಇದ್ದವರು 3 ಕೆಜಿ ಇಳಿದರೆ ಡಾಕ್ಟರ್ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಡಾಕ್ಟರ್ ವಿಷಯದಲ್ಲಿ ಒಂದು ಎಚ್ಚರ. ಖಾಸಗಿ ಕ್ಲಿನಿಕ್‌ಗಳು ಹೆಚ್ಚಾಗಿ ನಡೆಯುವುದು ಸಂಜೆ. ಅಂದರೆ ಅವರು ನೋಡುವುದು ಸ್ವಲ್ಪ ಸರಿಹೋದ ನಿಮ್ಮನ್ನು. "ಹೇಗಿದ್ದೀರಿ?" ಅಂದಾಗ ನೀವೂ "ಪರವಾಗಿಲ್ಲ" ಅನ್ನುತ್ತೀರಿ, ಆ ಹೊತ್ತಿಗೆ ಅದು ನಿಜವೂ ಹೌದು. ಹಾಗಾಗಿ ಯಾವುದಾದರೂ ಒಂದು ಕೆಟ್ಟ ಬೆಳಗ್ಗೆ, ಹಾಸಿಗೆಯಲ್ಲಿದ್ದಾಗಲೇ, ಹೇಗನ್ನಿಸುತ್ತಿದೆ ಅಂತ ಮೊಬೈಲ್‌ನಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಸಂಜೆ ಬಾಯಲ್ಲಿ ಹೇಳುವ ಬದಲು ಅದನ್ನೇ ಅವರ ಕೈಗೆ ಕೊಡಿ.